ನಿಂತುಹೋದ ಎಚ್‌ಎಂಟಿ ವಾಚು: ಮುಚ್ಚಳ ತೆಗೆಯುವ ಮೊದಲು ಏನು ನೋಡಬೇಕು, ತೆಗೆದ ಮೇಲೆ ಏನು ಮಾಡಬೇಕು

ಹಳೇ ಪಾಸ್‌ಬುಕ್ಕು, ರೇಷನ್ ಕಾರ್ಡುಗಳ ಜೊತೆ ಬೀರುವಿನ ಮೂಲೆಯಲ್ಲಿ ಪಟ್ಟಿ ಹರಿದ ಒಂದು ಎಚ್‌ಎಂಟಿ ವಾಚು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬಿದ್ದಿರುತ್ತದೆ. ಮಾವನ ಮನೆಯವರು ಮದುವೆಯಲ್ಲಿ ಕೊಟ್ಟದ್ದೋ, ತಾತ ನಿವೃತ್ತರಾದಾಗ ಆಫೀಸಿನವರು ಕೊಟ್ಟದ್ದೋ ಆಗಿರುತ್ತದೆ. ನಿಂತು ಹದಿನೈದೋ ಇಪ್ಪತ್ತೋ ವರ್ಷವಾಗಿರುತ್ತದೆ. ಅದನ್ನು ಮತ್ತೆ ಓಡಿಸಬಹುದೇ ಎಂದು ಕೇಳಿದರೆ ನನ್ನ ಉತ್ತರ ಹೆಚ್ಚಾಗಿ ಹೌದು. ಆದರೆ ಒಂದು ಕೋರಿಕೆ ಇದೆ: ಕಾಯಿಲೆ ಯಾವುದೆಂದು ಗೊತ್ತಾಗುವ ಮೊದಲು ಮುಚ್ಚಳಕ್ಕೆ ಚಾಕು ಹಾಕಬೇಡಿ. ನನ್ನ ಕೈಗೆ ಬಂದ ಹಳೇ ವಾಚುಗಳಲ್ಲಿ ಕಂಡ ಗಾಯಗಳೆಲ್ಲ ಬಹುಪಾಲು ಯಾರೋ ಅವಸರದಲ್ಲಿ ಬಿಚ್ಚಿದಾಗ ಆದ ಗಾಯಗಳು. ತಲೆ ಸವೆದ ಸ್ಕ್ರೂ, ಸೊಟ್ಟಗಾದ ಹೇರ್‌ಸ್ಪ್ರಿಂಗ್ (ಬಡಿತದ ಗತಿ ಕಾಯುವ ಕೂದಲೆಳೆಯಂಥ ಸುರುಳಿ), ಬೆರಳ ಗುರುತು ಬಿದ್ದು ಕಪ್ಪಾದ ಡಯಲ್. ಅಷ್ಟು ವರ್ಷ ಕೈಯಲ್ಲಿ ಕಟ್ಟಿಕೊಂಡು ಓಡಾಡಿದರೂ ಆಗದ ಹಾನಿ ಅರ್ಧ ಗಂಟೆಯಲ್ಲಿ ಆಗಿಬಿಟ್ಟಿರುತ್ತದೆ.

ಎಚ್‌ಎಂಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಈ ವಾಚುಗಳ ಕಾರ್ಖಾನೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಆಯಿತು. ಜನತಾ, ಪೈಲಟ್, ಸೋನಾ, ಕೊಹಿನೂರ್ ಎಂದು ಹೆಸರು ಬೇರೆ ಬೇರೆಯಾದರೂ ಒಳಗಿನ ಮಷೀನು ಹೆಚ್ಚುಕಡಿಮೆ ಒಂದೇ ಮನೆತನದ್ದು: ಕೈಯಿಂದ ಕೀ ಕೊಡುವ, 17 ಕಲ್ಲಿನ (ಚಕ್ರದ ಅಚ್ಚಿನ ಮೊನೆಗಳು ಸವೆಯದಂತೆ ಕೂರಿಸಿದ ಮಾಣಿಕ್ಯದ ಚೂರುಗಳು), ಗಂಟೆಗೆ 18,000 ಬಡಿತದ ಸರಳ ಮಷೀನು. ಸೆಕೆಂಡಿಗೆ ಐದು ಬಡಿತ, ದಿನಕ್ಕೆ 4,32,000. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ತೆಗೆದುಕೊಂಡಿತು. ಹಾಗಿದ್ದರೂ ಇವು ಲಕ್ಷಗಟ್ಟಲೆ ತಯಾರಾಗಿದ್ದರಿಂದ ಬಿಡಿಭಾಗಗಳಿಗೆ ಇವತ್ತಿಗೂ ಪರದಾಟವಿಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮಷೀನು ನಮ್ಮಲ್ಲಿ ಸಿಗುವುದಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅಪ್ಪನ ವಾಚಿನ ಮೇಲೆ ಕೈ ಪಳಗಿಸಿಕೊಳ್ಳಬೇಡಿ. ಗುಜರಿ ಬೆಲೆಗೆ ಸಿಗುವ ಅದೇ ಜಾತಿಯ ನಿಂತ ವಾಚು ಒಂದನ್ನು ತಂದು, ಅದನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿ. ಮೂರನೆಯ ಸಲವೂ ಓಡಿದರೆ ಆಮೇಲೆ ಬೀರುವಿನದಕ್ಕೆ ಕೈಹಾಕಿ.

ಮುಚ್ಚಳ ತೆಗೆಯದೆ ಮಾಡುವ ಪರೀಕ್ಷೆ

ವಾಚನ್ನು ಕಿವಿಗೆ ಹಿಡಿದು ಕೀಯನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿ. ಅದು ಕೊಡುವ ಉತ್ತರವನ್ನು ಬೆರಳು ಮತ್ತು ಕಿವಿ ಎರಡರಿಂದಲೂ ಕೇಳಿಸಿಕೊಳ್ಳಬೇಕು. ಆರೋಗ್ಯವಾಗಿರುವ ಮಷೀನು ಕಿರ್‌ ಕಿರ್‌ ಎಂದು ಸಣ್ಣ ಸದ್ದು ಮಾಡುತ್ತ, ತಿರುಗಿಸಿದಷ್ಟೂ ಬಿಗಿಯಾಗುತ್ತ ಹೋಗಿ, ಇಪ್ಪತ್ತೈದು ಮೂವತ್ತು ಸುತ್ತಿನ ಹೊತ್ತಿಗೆ ಸ್ಪಷ್ಟವಾಗಿ ನಿಲ್ಲುತ್ತದೆ.

ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತಲೇ ಇದ್ದರೆ ಮೈನ್‌ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಂಡು ವಾಚಿಗೆ ಬಲ ಕೊಡುವ ಸ್ಪ್ರಿಂಗು) ತುಂಡಾಗಿದೆ, ಅಥವಾ ಅದರ ತುದಿ ಕೊಕ್ಕೆಯಿಂದ ಕಳಚಿಕೊಂಡಿದೆ. ಕಾಂಚನ್‌ನಂಥ ಆಟೋಮ್ಯಾಟಿಕ್ ವಾಚಿಗೆ ಈ ಮಾತು ಹೊಂದುವುದಿಲ್ಲ. ಅದರ ಸ್ಪ್ರಿಂಗು ತುಂಬಿದ ಮೇಲೆ ತಾನೇ ಜಾರುವಂತೆ ಮಾಡಿರುತ್ತಾರೆ. ಬೆರಳು ಬಿಟ್ಟ ಕೂಡಲೇ ಕೀ ಹಿಂದಕ್ಕೆ ಸುತ್ತಿಕೊಂಡರೆ ಸ್ಪ್ರಿಂಗನ್ನು ತಡೆಹಿಡಿಯುವ ಕ್ಲಿಕ್ ಎಂಬ ಚಿಕ್ಕ ಹಲ್ಲು ಕೆಲಸ ಮಾಡುತ್ತಿಲ್ಲ.

ಕೀ ಪೂರ್ತಿ ಬಿಗಿಯಾಗಿದ್ದು ವಾಚು ಮಾತ್ರ ಓಡುತ್ತಿಲ್ಲ ಎಂದರೆ ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ: "ಯಾರೋ ಕೀ ಜಾಸ್ತಿ ಕೊಟ್ಟು ಕೆಡಿಸಿದ್ದಾರೆ." ಎಷ್ಟು ಮಕ್ಕಳು ಈ ಮಾತಿಗೆ ಬೈಸಿಕೊಂಡಿದ್ದಾರೋ! ಆ ಮಕ್ಕಳ ಪರವಾಗಿ ಹೇಳುತ್ತೇನೆ, ಒಳ್ಳೆಯ ಸ್ಥಿತಿಯಲ್ಲಿರುವ ವಾಚು ಕೀ ತುಂಬಿದ ಕಾರಣಕ್ಕೆ ನಿಲ್ಲುವುದಿಲ್ಲ. ತುಂಬಿದ ಸ್ಪ್ರಿಂಗು ತನ್ನ ಬಲವನ್ನೆಲ್ಲ ಚಕ್ರಗಳ ಮೇಲೆ ಹಾಕುತ್ತಲೇ ಇರುತ್ತದೆ. ಚಕ್ರ ತಿರುಗದಿರುವುದು ಒಳಗಿನ ಎಣ್ಣೆ ವರ್ಷಾನುಗಟ್ಟಲೆ ಒಣಗಿ ಗೋಂದಿನಂತಾಗಿರುವುದರಿಂದ, ಅಥವಾ ಎಲ್ಲೋ ಒಂದು ಹಲ್ಲಿನ ಸಂದಿಯಲ್ಲಿ ಕಸ ಸಿಕ್ಕಿರುವುದರಿಂದ. ಬೀರುವಿನಿಂದ ತೆಗೆದ ಹತ್ತು ವಾಚುಗಳಲ್ಲಿ ಏಳೆಂಟಕ್ಕೆ ಇದೇ ಕಾಯಿಲೆ ಎಂಬುದು ನನ್ನ ಅನುಭವ. ಪಕ್ಕಕ್ಕೆ ಮೆಲ್ಲಗೆ ಆಡಿಸಿದಾಗ ನಾಲ್ಕು ಸಲ ಬಡಿದು ಮತ್ತೆ ನಿಂತರೆ ಅದು ಸರ್ವಿಸ್ ಕೇಳುತ್ತಿದೆ ಎಂದೇ ಅರ್ಥ. ಅಂಥ ವಾಚನ್ನು ಅಲ್ಲಾಡಿಸಿ ಅಲ್ಲಾಡಿಸಿ ಓಡಿಸಬೇಡಿ. ಒಣಗಿದ ಎಣ್ಣೆ ಧೂಳಿನ ಜೊತೆ ಸೇರಿ ಉಪ್ಪುಕಾಗದದಂತೆ ಚಕ್ರದ ಮೊನೆಗಳನ್ನು ತಿನ್ನುತ್ತದೆ.

ಬಡಿತ ಕೇಳುತ್ತದೆ, ಸೆಕೆಂಡಿನ ಮುಳ್ಳೂ ಓಡುತ್ತದೆ, ಗಂಟೆ ನಿಮಿಷದ ಮುಳ್ಳು ಮಾತ್ರ ಹಿಂದೆ ಬೀಳುತ್ತಿದೆ ಅಥವಾ ನಿಂತಲ್ಲೇ ನಿಂತಿದೆ ಎಂದರೆ ಕೀಯನ್ನು ಹೊರಗೆಳೆದು ಟೈಮು ತಿರುಗಿಸಿ ನೋಡಿ. ಬೆರಳಿಗೆ ಒಂದಿಷ್ಟೂ ಬಿಗಿ ಸಿಗದೆ ಮುಳ್ಳು ಜಾರಿಕೊಂಡು ತಿರುಗಿದರೆ ಡಯಲ್ಲಿನ ಕೆಳಗಿರುವ ಕ್ಯಾನನ್ ಪಿನಿಯನ್ ಎಂಬ ಕೊಳವೆ ಸಡಿಲವಾಗಿದೆ. ಅದನ್ನು ಒಂದು ಕೂದಲಿನಷ್ಟು ಅಮುಕಿ ಬಿಗಿ ಮಾಡುತ್ತಾರೆ. ಹೆಚ್ಚು ಅಮುಕಿದರೆ ಕೊಳವೆ ಸೀಳುತ್ತದೆ. ಇದನ್ನು ಅನುಭವಿ ರಿಪೇರಿಯವರಿಗೆ ಬಿಡುವುದು ಲೇಸು.

ದಿನವೂ ಒಂದೇ ಹೊತ್ತಿಗೆ, ಉದಾಹರಣೆಗೆ ಐದೂ ಇಪ್ಪತ್ತೇಳರ ಆಸುಪಾಸಿಗೇ ನಿಲ್ಲುತ್ತಿದ್ದರೆ ಮಷೀನನ್ನು ದೂರಬೇಡಿ. ಕಣ್ಣಿನ ಮಟ್ಟಕ್ಕೆ ವಾಚನ್ನು ಅಡ್ಡ ಹಿಡಿದು ಮುಳ್ಳುಗಳ ನಡುವಿನ ಸಂದು ನೋಡಿ. ಒಂದರ ಮೇಲೊಂದು ಹಾಯುವಾಗ ತಗುಲುತ್ತಿರುತ್ತವೆ, ಇಲ್ಲವೇ ಸೆಕೆಂಡಿನ ಮುಳ್ಳು ಗ್ಲಾಸಿಗೆ ಉಜ್ಜುತ್ತಿರುತ್ತದೆ.

ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ನಿಮಿಷ, ಅರ್ಧ ಗಂಟೆ ಮುಂದೆ ಓಡತೊಡಗಿದರೆ ಮೊದಲು ಅನುಮಾನಿಸಬೇಕಾದ್ದು ಆಯಸ್ಕಾಂತವನ್ನು. ಫೋನಿನ ಸ್ಪೀಕರ್, ಟ್ಯಾಬ್ಲೆಟ್ಟಿನ ಮಡಚುವ ಕವರು, ಹ್ಯಾಂಡ್‌ಬ್ಯಾಗಿನ ಗುಂಡಿ ಇವೆಲ್ಲದರಲ್ಲೂ ಆಯಸ್ಕಾಂತ ಇರುತ್ತದೆ. ಹೇರ್‌ಸ್ಪ್ರಿಂಗಿನ ಸುರುಳಿಗಳು ಕಾಂತಗೊಂಡು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗಿನ ಉದ್ದ ಕಮ್ಮಿಯಾದಂತಾಗಿ ಬಡಿತದ ವೇಗ ಹೆಚ್ಚುತ್ತದೆ. ಸಣ್ಣ ದಿಕ್ಸೂಚಿಯ ಮೇಲೆ ವಾಚು ಹಿಡಿದಾಗ ಅದರ ಮುಳ್ಳು ತಟ್ಟನೆ ಅಲ್ಲಾಡಿದರೆ ಸಂಶಯ ಗಟ್ಟಿಯಾಯಿತು. ಕಾಂತ ತೆಗೆಯುವ ಪುಟ್ಟ ಪೆಟ್ಟಿಗೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ವಾಚನ್ನು ಅದರ ಮೇಲಿಟ್ಟು ಗುಂಡಿ ಒತ್ತಿ, ಒತ್ತಿ ಹಿಡಿದಂತೆಯೇ ವಾಚನ್ನು ನಿಧಾನವಾಗಿ ಒಂದು ಮೊಳ ದೂರ ಒಯ್ದು, ಆಮೇಲೆ ಗುಂಡಿ ಬಿಡಬೇಕು. ಹತ್ತಿರದಲ್ಲೇ ಬಿಟ್ಟರೆ ಮತ್ತೆ ಕಾಂತ ಹಿಡಿಯುತ್ತದೆ. ಒಂದು ನಿಮಿಷದ ಕೆಲಸ, ಮುಚ್ಚಳ ತೆಗೆಯುವ ಗೋಜೇ ಇಲ್ಲ.

ಮಲೆನಾಡು, ಕರಾವಳಿಯ ಓದುಗರಿಗೆ ಒಂದು ವಿಶೇಷ ಮಾತು. ಗ್ಲಾಸಿನ ಒಳಗೆ ಮಂಜು ಕಟ್ಟಿದರೆ ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು, ಒಲೆಯ ಪಕ್ಕ ಇಡುವುದು ಪರಿಹಾರವಲ್ಲ. ಒಳಗಿನ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯಲು ಎರಡು ದಿನ ಸಾಕು. ಆ ದಿನವೇ ಹತ್ತಿರದ ರಿಪೇರಿಯವರಲ್ಲಿಗೆ ಹೋಗಿ ಮುಚ್ಚಳ ತೆಗೆಸಿ ಒಣಗಿಸಿ. ಈ ಹಳೇ ವಾಚುಗಳು ನೀರಿಗೆ ಮಾಡಿದವಲ್ಲ. ಮಳೆಗಾಲದಲ್ಲಿ ನನ್ನವನ್ನು ನಾನು ಹೊರಗೆ ಕಟ್ಟಿಕೊಂಡು ಹೋಗುವುದೇ ಇಲ್ಲ.

ಮೇಜು ಮತ್ತು ಸಾಮಾನು

ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮೇಜಿನ ಮೇಲೆ ಬಿಳಿ ಕಾಗದ ಹಾಸಿ. 0.8ರಿಂದ 1.6 ಮಿಲಿಮೀಟರ್‌ವರೆಗಿನ ನಾಲ್ಕೈದು ಸ್ಕ್ರೂಡ್ರೈವರ್, ಮೊನೆ ಸರಿಯಾಗಿ ಕೂಡುವ ಚಿಮ್ಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐಗ್ಲಾಸ್, ಮಷೀನು ಹಿಡಿಯುವ ಹೋಲ್ಡರ್, ಗಾಳಿ ಊದುವ ರಬ್ಬರ್ ಬುಡ್ಡೆ, ಎಣ್ಣೆ ಹಾಕುವ ಕಡ್ಡಿ, ಬೆರಳಿಗೆ ರಬ್ಬರ್ ತೊಡುಗೆ ಇಷ್ಟಿದ್ದರೆ ಶುರು ಮಾಡಬಹುದು. ಹಣ ಉಳಿಸಬೇಕಾದರೆ ಬೇರೆಲ್ಲಾದರೂ ಉಳಿಸಿ. ಸ್ಕ್ರೂಡ್ರೈವರ್ ಮತ್ತು ಚಿಮ್ಮಟ ಮಾತ್ರ ಒಳ್ಳೆಯವೇ ಇರಲಿ. ಸ್ಕ್ರೂವಿನ ಸೀಳಿನಷ್ಟೇ ಅಗಲದ ಮೊನೆ ಬಳಸಿದರೆ ಅದು ಜಾರುವುದಿಲ್ಲ, ಸೇತುವೆಯ ಮೇಲೆ ಗೀರು ಬೀಳುವುದಿಲ್ಲ. ಮಷೀನಿನ ಚಕ್ರಗಳನ್ನು ಮೇಲಿನಿಂದ ಹಿಡಿದಿಡುವ ಹಿತ್ತಾಳೆ ಪಟ್ಟಿಗಳಿಗೆ ಸೇತುವೆ ಎಂದೇ ಹೆಸರು.

ಫೋನನ್ನು ಹತ್ತಿರ ಇಟ್ಟುಕೊಳ್ಳಿ. ಒಂದೊಂದು ಭಾಗ ತೆಗೆಯುವ ಮೊದಲು ಒಂದು ಫೋಟೋ, ತೆಗೆದ ಮೇಲೆ ಇನ್ನೊಂದು. ಸ್ಕ್ರೂಗಳು ನೋಡಲು ಒಂದೇ ಥರ ಕಂಡರೂ ಉದ್ದ ಬೇರೆ ಇರುತ್ತದೆ, ತಪ್ಪು ಜಾಗಕ್ಕೆ ಹಾಕಿದ ಉದ್ದ ಸ್ಕ್ರೂ ಚಕ್ರವೊಂದಕ್ಕೆ ತಗುಲಿ ವಾಚನ್ನು ನಿಲ್ಲಿಸಿಬಿಡಬಲ್ಲದು. ಮಾತ್ರೆ ಇಡುವ ಸಣ್ಣ ಸಣ್ಣ ಖಾನೆಗಳ ಡಬ್ಬಿ ಸ್ಕ್ರೂಗಳನ್ನು ಬೇರೆ ಬೇರೆ ಇಡಲು ಹೇಳಿ ಮಾಡಿಸಿದ್ದು.

ಬಿಚ್ಚುವ ಕ್ರಮ

ಪಟ್ಟಿ ತೆಗೆದು ಹಿಂಬದಿಯ ಅಂಚನ್ನು ಐಗ್ಲಾಸಿನಲ್ಲಿ ನೋಡಿ. ಅಂಚಿನಲ್ಲಿ ಒಂದು ಕಡೆ ತುಟಿಯಂಥ ಸಣ್ಣ ಎತ್ತರ ಕಂಡರೆ ಅದು ಒತ್ತಿ ಕೂರಿಸಿದ ಮುಚ್ಚಳ, ಅಲ್ಲಿಗೆ ಕೇಸ್ ಚಾಕು ಇಟ್ಟು ಎತ್ತಬೇಕು. ಸುತ್ತಲೂ ಕಚ್ಚುಗಳಿದ್ದರೆ ಅದು ತಿರುಗಿಸಿ ತೆಗೆಯುವ ಮುಚ್ಚಳ.

ಮುಚ್ಚಳ ತೆಗೆದ ಮೇಲೆ ಎಲ್ಲಕ್ಕಿಂತ ಮೊದಲು ಸ್ಪ್ರಿಂಗಿನ ಬಲ ಇಳಿಸಬೇಕು. ಇದನ್ನು ಮರೆತು, ಚಕ್ರಗಳನ್ನು ಒಂದೊಂದೇ ಹಲ್ಲಿನಷ್ಟು ಬಿಟ್ಟು ತಡೆಯುವ ಪ್ಯಾಲೆಟ್ ಫೋರ್ಕ್ ಬಿಚ್ಚಿದರೆ ತುಂಬಿದ ಬಲವೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಚಕ್ರಗಳು ಬರ್ರನೆ ಸುತ್ತುತ್ತವೆ; ಹಲ್ಲು, ಮೊನೆ, ಕಲ್ಲು ಯಾವುದು ಬೇಕಾದರೂ ಮುರಿಯಬಹುದು. ಕೀಯನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದು ಒಂದು ಹಲ್ಲಿನಷ್ಟು ಮುಂದೆ ತಿರುಗಿಸಿ, ಕ್ಲಿಕ್ಕನ್ನು ಮರದ ಕಡ್ಡಿಯಿಂದ ಪಕ್ಕಕ್ಕೆ ಸರಿಸಿ ಹಿಡಿಯಿರಿ. ಈಗ ಕೀ ಹಿಂದಕ್ಕೆ ಓಡಲು ಎಳೆಯುತ್ತದೆ. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಸ್ವಲ್ಪಸ್ವಲ್ಪವೇ ಬಿಡುವ ಹಾಗೆ ಬೆರಳ ನಡುವೆ ಜಾರಿಸುತ್ತ ಬಿಡಿ.

ಕೀ ಮತ್ತು ಅದರ ರಾಡು ಹೊರಬರಲು ರಾಡಿನ ಹತ್ತಿರ ಒಂದು ಸಣ್ಣ ಸ್ಕ್ರೂ ಅಥವಾ ಒತ್ತುವ ಚುಕ್ಕಿ ಇರುತ್ತದೆ. ಸ್ಕ್ರೂ ಆಗಿದ್ದರೆ ಒಂದೂವರೆ ಸುತ್ತು ಮಾತ್ರ ಸಡಿಲಿಸಿ ಎಳೆಯಿರಿ. ಪೂರ್ತಿ ಬಿಚ್ಚಿದರೆ ಡಯಲ್ಲಿನ ಕೆಳಗಿರುವ ಭಾಗ ಕಳಚಿ ಬೀಳುತ್ತದೆ, ಮತ್ತೆ ಕೂರಿಸಲು ಡಯಲ್ ತೆಗೆಯಲೇಬೇಕಾಗುತ್ತದೆ. ಟೈಮು ಸರಿಪಡಿಸಲು ಎಳೆದಾಗ ಕೀ ಕೈಗೇ ಬಂದುಬಿಡುತ್ತದೆ ಎಂಬ ದೂರಿಗೂ ಹೆಚ್ಚಾಗಿ ಇದೇ ಸ್ಕ್ರೂ ಕಾರಣ, ತುಸು ಬಿಗಿ ಮಾಡಿದರೆ ಸರಿಹೋಗುತ್ತದೆ.

ರಾಡು ಬಂದ ಮೇಲೆ ಮಷೀನನ್ನು ಕೇಸಿನಿಂದ ಹೊರತೆಗೆದು ಮುಳ್ಳು ಎಬ್ಬುವಾಗ ಡಯಲ್ಲಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಡಯಲ್ ಈ ವಾಚಿನ ಮುಖ. ಮಷೀನನ್ನು ಬದಲಿಸಬಹುದು, ಮೂಲದ ಡಯಲ್ ಹೋದರೆ ಹೋಯಿತು. ಅದನ್ನು ನೀರಿನಿಂದಲಾಗಲಿ ಯಾವುದೇ ದ್ರವದಿಂದಾಗಲಿ ಒರೆಸಬೇಡಿ. ಬುಡ್ಡೆಯಿಂದ ಗಾಳಿ ಊದಿದರೆ ಸಾಕು. ಅಕ್ಷರ ಮಾಸಿದ್ದರೂ ಹಾಗೇ ಇರಲಿ. ಹೊಸ ಬಣ್ಣ ಹಚ್ಚಿ ಮರುಮುದ್ರಿಸಿದ ಡಯಲ್‌ಗಳು ಪೇಟೆಯಲ್ಲಿ ತುಂಬಿಹೋಗಿವೆ, ಅವುಗಳಲ್ಲಿ ಯಾವುದೂ ನಿಮ್ಮ ತಾತನ ವಾಚಿನ ಡಯಲ್ ಆಗುವುದಿಲ್ಲ. ಕತ್ತಲಲ್ಲಿ ಹೊಳೆಯುವ ಬಣ್ಣವಿರುವ ತುಂಬ ಹಳೇ ವಿದೇಶಿ ವಾಚಾಗಿದ್ದರೆ ಆ ಬಣ್ಣವನ್ನು ಕೆರೆಯಲೇಬೇಡಿ. 1960ಕ್ಕೆ ಹಿಂದಿನವುಗಳಲ್ಲಿ ರೇಡಿಯಂ ಬಳಸಿದ್ದಿರಬಹುದು, ಅದರ ಪುಡಿ ಉಸಿರಿನಲ್ಲಿ ಒಳಗೆ ಹೋಗಬಾರದು.

ಮುಂದಿನ ಕ್ರಮ ಹೀಗೆ: ಹಿಂದೆ ಮುಂದೆ ಆಡುತ್ತ ಬಡಿತ ಕೊಡುವ ಬ್ಯಾಲೆನ್ಸ್ ವೀಲನ್ನು ಅದರ ಸೇತುವೆಯ ಸಮೇತ ಎತ್ತಿ, ಹೇರ್‌ಸ್ಪ್ರಿಂಗಿಗೆ ಜೋತುಬಿದ್ದು ಎಳೆಯದಂತೆ ನಿಧಾನವಾಗಿ ಮಗುಚಿ ಇಡಿ. ಆಮೇಲೆ ಪ್ಯಾಲೆಟ್ ಫೋರ್ಕ್. ನಂತರ ಮೇಲಿನ ಎರಡು ದೊಡ್ಡ ಉಕ್ಕಿನ ಚಕ್ರಗಳು. ಇವುಗಳಲ್ಲಿ ಕೀಯ ಹತ್ತಿರದ ಚಕ್ರದ ಸ್ಕ್ರೂ ಎಷ್ಟೋ ಮಷೀನುಗಳಲ್ಲಿ ಉಲ್ಟಾ ತಿರುಪಿನದ್ದಾಗಿರುತ್ತದೆ. ಹಾಗಾಗಿ ಬರಲಿಲ್ಲವೆಂದು ಬಲ ಹಾಕುವ ಮೊದಲು ಇನ್ನೊಂದು ದಿಕ್ಕಿಗೆ ಪ್ರಯತ್ನಿಸಿ. ಕೊನೆಗೆ ಸೇತುವೆಗಳನ್ನು ಎತ್ತಿ ಬ್ಯಾರೆಲ್ (ಮೈನ್‌ಸ್ಪ್ರಿಂಗ್ ಕೂತಿರುವ ಡಬ್ಬಿ) ಮತ್ತು ಉಳಿದ ಚಕ್ರಗಳನ್ನು ತೆಗೆಯಿರಿ.

ಡಯಲ್ಲಿನ ಮೇಲೆ ಪ್ಯಾರಾಶಾಕ್ ಎಂದು ಬರೆದಿದ್ದರೆ ಬ್ಯಾಲೆನ್ಸಿನ ಕಲ್ಲುಗಳ ಮೇಲೆ ಒಂದು ಪುಟ್ಟ ಸ್ಪ್ರಿಂಗು ಕೂತಿರುತ್ತದೆ. ವಾಚು ಕೆಳಗೆ ಬಿದ್ದಾಗ ಬ್ಯಾಲೆನ್ಸಿನ ಮೊನೆ ಮುರಿಯದಂತೆ ಕಾಯುವುದು ಅದೇ. ಸಾಸಿವೆಗಿಂತ ಸಣ್ಣದು, ಚಿಮ್ಮಿದರೆ ಕಣ್ಣಿಗೆ ಬೀಳುವುದೇ ಇಲ್ಲ. ಈ ಭಾಗವನ್ನು ತೆಗೆಯುವಾಗ ನಾನು ಮಷೀನನ್ನೂ ಎರಡೂ ಕೈಗಳನ್ನೂ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡೇ ಕೆಲಸ ಮಾಡುತ್ತೇನೆ. ಹೊಸಬರು ಮೊದಲ ಸಲ ಇದನ್ನು ಮುಟ್ಟದೆ ಬಿಟ್ಟರೂ ತಪ್ಪಿಲ್ಲ.

ತೊಳೆಯುವುದು

ನಮ್ಮೂರುಗಳ ರಿಪೇರಿ ಅಂಗಡಿಗಳಲ್ಲಿ ವೈಟ್ ಪೆಟ್ರೋಲ್ ಎಂಬ ಬಣ್ಣವಿಲ್ಲದ ಪೆಟ್ರೋಲ್ ಬಳಸುತ್ತಾರೆ, ಮನೆಯಲ್ಲೂ ಅದೇ ಆಗುತ್ತದೆ. ಆದರೆ ಅಡುಗೆಮನೆ, ದೇವರ ದೀಪ ಎರಡರಿಂದಲೂ ದೂರ, ಗಾಳಿಯಾಡುವ ಜಾಗದಲ್ಲಿ. ಮೂರು ಗಾಜಿನ ಬಟ್ಟಲುಗಳಲ್ಲಿ ಒಂದಾದ ಮೇಲೊಂದರಂತೆ ಮೃದುವಾದ ಬ್ರಷ್ಷಿನಿಂದ ತೊಳೆಯಿರಿ. ಕಲ್ಲಿನ ತೂತುಗಳಲ್ಲಿ ಕಟ್ಟಿದ ಕಪ್ಪು ಎಣ್ಣೆ ಬರೀ ಅದ್ದಿದರೆ ಹೋಗುವುದಿಲ್ಲ. ಮರದ ಕಡ್ಡಿಯ ತುದಿಯನ್ನು ಚೂಪಾಗಿ ಕೆತ್ತಿ, ತೂತಿನಲ್ಲಿಟ್ಟು ತಿರುಗಿಸಿ. ಕಡ್ಡಿ ಕಪ್ಪಾಗಿ ಬರುತ್ತದೆ. ಮತ್ತೆ ಕೆತ್ತಿ, ಮತ್ತೆ ತಿರುಗಿಸಿ, ಕಡ್ಡಿ ಬೆಳ್ಳಗೇ ಹೊರಬರುವವರೆಗೆ. ಇಡೀ ಸರ್ವಿಸ್ಸಿನ ಜೀವ ಇರುವುದು ಬೇಸರ ಹುಟ್ಟಿಸುವ ಈ ಕೆಲಸದಲ್ಲೇ. ಅನೇಕರು ಇದನ್ನು ಬಿಟ್ಟು ಹೊಸ ಎಣ್ಣೆ ಹಾಕಿ ಮುಗಿಸುತ್ತಾರೆ, ಆರು ತಿಂಗಳಿಗೆ ವಾಚು ಮತ್ತೆ ನಿಲ್ಲುತ್ತದೆ.

ಪ್ಯಾಲೆಟ್ ಫೋರ್ಕಿನ ಕಲ್ಲುಗಳನ್ನೂ ಬ್ಯಾಲೆನ್ಸಿನ ಕೆಳಗಿನ ಪುಟ್ಟ ಕೆಂಪು ಕಲ್ಲನ್ನೂ ಹಿಡಿದಿಟ್ಟಿರುವುದು ಅರಗು. ಬಳೆ, ಆಟಿಕೆಗಳಿಗೆ ಹಾಕುತ್ತಾರಲ್ಲ, ಅದರದೇ ಶುದ್ಧ ರೂಪ. ಅದು ಪೆಟ್ರೋಲಿಗೆ ಕರಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಆದ್ದರಿಂದ ಈ ಎರಡು ಭಾಗಗಳನ್ನು ಆಲ್ಕೋಹಾಲಿನಲ್ಲಿ ನೆನೆಹಾಕಬೇಡಿ.

ಮೈನ್‌ಸ್ಪ್ರಿಂಗನ್ನು ಬ್ಯಾರೆಲ್ಲಿನಿಂದ ಹೊರತೆಗೆದರೆ ಬರಿಗೈಯಿಂದ ಸುತ್ತಿ ತುಂಬುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಅದು ಬಟ್ಟಲಿನಂತೆ ಉಬ್ಬಿ ಬ್ಯಾರೆಲ್ಲಿನ ಮುಚ್ಚಳಕ್ಕೆ ಉಜ್ಜುತ್ತದೆ. ಇದಕ್ಕೆಂದೇ ವೈಂಡರ್ ಎಂಬ ಸಲಕರಣೆ ಇದೆ. ಅದಿಲ್ಲದಿದ್ದರೆ, ಕೀ ತುಂಬಿದ ವಾಚು ಹಿಂದೆ ಒಂದೂವರೆ ದಿನ ಓಡುತ್ತಿತ್ತು ಎಂದಾದರೆ, ಬ್ಯಾರೆಲ್ಲನ್ನು ಬಿಚ್ಚದೆ ಹೊರಗಿನಿಂದ ಒರೆಸಿ ಬಿಡಿ.

ಎಣ್ಣೆ

ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಈ ಮೂರನ್ನೂ ಹಳೇ ವಾಚುಗಳಲ್ಲಿ ನೋಡಿದ್ದೇನೆ. ಯಾವುದೂ ಆಗದು. ಗಡಿಯಾರದ ಎಣ್ಣೆಯೇ ಬೇಕು, ಅದೂ ಜಾಗ ನೋಡಿ. ವೇಗವಾಗಿ ತಿರುಗುವ ಹಗುರ ಚಕ್ರಗಳ ಮೊನೆಗೆ ಮೋಬಿಯಸ್ ಕಂಪನಿಯ 9010ರಂಥ ತೆಳ್ಳಗಿನ ಎಣ್ಣೆ, ನಿಧಾನವಾಗಿ ಹೆಚ್ಚು ಭಾರ ಹೊರುವ ಬ್ಯಾರೆಲ್ ಮತ್ತು ನಡುವಿನ ಚಕ್ರಕ್ಕೆ ಡಿ5ರಂಥ ಮಂದ ಎಣ್ಣೆ, ಪ್ಯಾಲೆಟ್ಟಿನ ಕಲ್ಲುಗಳಿಗೆ 9415, ಕೀಯ ಭಾಗಗಳಿಗೆ ಗ್ರೀಸು. ಪ್ಯಾಲೆಟ್ ಫೋರ್ಕಿನ ಮೊನೆಗಳಿಗೆ ಎಣ್ಣೆ ಹಾಕಬಾರದು, ಚಕ್ರದ ಹಲ್ಲುಗಳಿಗೂ ಹಾಕಬಾರದು.

ಪ್ರಮಾಣದ ಬಗ್ಗೆ ಹೇಳುವುದಾದರೆ, ಕಲ್ಲಿನ ಮೇಲ್ಭಾಗದ ಬಟ್ಟಲು ಅರ್ಧಕ್ಕಿಂತ ತುಸು ಹೆಚ್ಚು ತುಂಬಿದಂತೆ ಕಂಡರೆ ಸಾಕು. ಹೆಚ್ಚಾದ ಎಣ್ಣೆ ಅಲ್ಲಿ ನಿಲ್ಲದೆ ಹರಡಿಕೊಂಡು ಹೋಗುತ್ತದೆ. ಹೇರ್‌ಸ್ಪ್ರಿಂಗಿಗೆ ತಗುಲಿತೋ ಸುರುಳಿಗಳು ಅಂಟಿಕೊಂಡು ಆಯಸ್ಕಾಂತ ಹಿಡಿದಂತೆಯೇ ವಾಚು ಮುಂದೆ ಓಡುತ್ತದೆ.

ಕೂರಿಸಿದ ಮೇಲೆ

ಬಿಚ್ಚಿದ್ದಕ್ಕೆ ವಿರುದ್ಧ ಕ್ರಮದಲ್ಲಿ ಜೋಡಿಸಿ. ಸೇತುವೆ ಕೂರಿಸುವಾಗ ಎಲ್ಲ ಮೊನೆಗಳೂ ತಂತಮ್ಮ ತೂತಿಗೆ ಇಳಿಯುವವರೆಗೆ ಸ್ಕ್ರೂ ಬಿಗಿಯಬೇಡಿ. ಚಕ್ರವನ್ನು ಕಡ್ಡಿಯಿಂದ ಮುಟ್ಟಿದಾಗ ಸರಾಗವಾಗಿ ತಿರುಗಬೇಕು, ಆಮೇಲೆ ಬಿಗಿ. ಇಲ್ಲಿ ತೋರುವ ಅವಸರಕ್ಕೆ ಮುರಿದ ಮೊನೆಯೇ ದಂಡ. ಬ್ಯಾಲೆನ್ಸ್ ಕೂರಿಸುವ ಮೊದಲು ಕೀ ಎರಡು ಸುತ್ತು ಕೊಟ್ಟು ಪ್ಯಾಲೆಟ್ ಫೋರ್ಕನ್ನು ಪಕ್ಕಕ್ಕೆ ತಳ್ಳಿ ನೋಡಿ. ಅದು ಟಕ್ಕನೆ ಆ ಕಡೆಗೆ ಹಾರಿ ನಿಂತರೆ ಬಲ ಸರಿಯಾಗಿ ಹರಿದುಬರುತ್ತಿದೆ. ಆಮೇಲೆ ಬ್ಯಾಲೆನ್ಸನ್ನು ಇಳಿಸಿದಾಗ ಅದು ತಾನಾಗಿ ಆಡಲು ಶುರುಮಾಡುತ್ತದೆ. ಆ ಕ್ಷಣಕ್ಕೆ ನನಗೆ ಇವತ್ತಿಗೂ ಉಸಿರು ಹಿಡಿದಂತಾಗುತ್ತದೆ.

ವಾಚಿನ ಓಟದ ವೇಗ ಹೊಂದಿಸುವ ಸಣ್ಣ ಹಿಡಿ ಬ್ಯಾಲೆನ್ಸಿನ ಸೇತುವೆಯ ಮೇಲಿರುತ್ತದೆ. ಅದನ್ನು ತಕ್ಷಣ ಮುಟ್ಟಬೇಡಿ. ಕೀ ತುಂಬಿ, ಒಂದು ಪೂರ್ತಿ ದಿನ ಡಯಲ್ ಮೇಲಾಗಿ ಇಡಿ, ಮರುದಿನ ಡಯಲ್ ಕೆಳಗಾಗಿ, ಮೂರನೆಯ ದಿನ ಕೀ ಕೆಳಗೆ ಬರುವಂತೆ ನಿಲ್ಲಿಸಿ. ಪ್ರತಿದಿನ ಎಷ್ಟು ಸೆಕೆಂಡು ಹೆಚ್ಚುಕಮ್ಮಿಯಾಯಿತೆಂದು ಬರೆದಿಡಿ. ಮೂರೂ ದಿನ ಒಂದೇ ದಿಕ್ಕಿಗೆ ತಪ್ಪಿದ್ದರೆ ಮಾತ್ರ ಹಿಡಿಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಒಂದು ದಿನ ಕಾಯಿರಿ. ಟೈಮ್‌ಗ್ರಾಫರ್ ಎಂಬ ಉಪಕರಣವಿದ್ದರೆ ಈ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ, ಬಡಿತ ಕೇಳಿ ಲೆಕ್ಕ ಹಾಕುವ ಫೋನ್ ಆ್ಯಪ್‌ಗಳೂ ಇವೆ. ಈ ವಯಸ್ಸಿನ ವಾಚು ದಿನಕ್ಕೆ ಅರ್ಧ ನಿಮಿಷದೊಳಗೆ ಉಳಿದರೆ ನಾನು ತೃಪ್ತ. ಒಂದು ನಿಮಿಷ ತಪ್ಪಿದರೂ ಅದು 86,400 ಸೆಕೆಂಡಿನಲ್ಲಿ ಬರೀ 60.

ಗ್ಲಾಸಿನ ಗೀರುಗಳಿಗೆ ಬಿಳಿ ಟೂತ್‌ಪೇಸ್ಟು ಹಾಕಿ ಹತ್ತಿ ಬಟ್ಟೆಯಲ್ಲಿ ತಿಕ್ಕಿದರೆ ಸಾಕು, ಈ ವಾಚುಗಳದ್ದು ಅಕ್ರಿಲಿಕ್ ಗ್ಲಾಸು. ಆದರೆ ಮಷೀನು ಒಳಗಿಲ್ಲದಾಗ ತಿಕ್ಕಿ. ಇನ್ನು ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿಟ್ಟು ಕೀ ಕೊಡಿ. ಕಟ್ಟಿಕೊಂಡೇ ಕೊಟ್ಟರೆ ರಾಡು ಓರೆಯಾಗಿ ಸವೆಯುತ್ತದೆ.

ಇಷ್ಟೆಲ್ಲ ನಮ್ಮಿಂದಾಗದು ಎನಿಸಿದರೆ ಪೇಟೆ ಬೀದಿಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂತ ಹಿರಿಯ ರಿಪೇರಿಯವರನ್ನು ಹುಡುಕಿ. "ಪೂರ್ತಿ ಬಿಚ್ಚಿ ತೊಳೀತೀರಾ, ಹಾಗೇ ಎಣ್ಣೆ ಹಾಕ್ತೀರಾ?" ಎಂದು ಕೇಳಿ. ಬದಲಿಸಿದ ಹಳೇ ಭಾಗ ಯಾವುದಿದ್ದರೂ ವಾಪಸ್ ಕೊಡಲು ಹೇಳಿ, ಡಯಲ್‌ಗೆ ಕೈಹಚ್ಚಬೇಡಿ ಎಂದೂ ಹೇಳಿ. ಬ್ಯಾಟರಿ ಬದಲಿಸುವ ಕೆಲಸದಲ್ಲೇ ದಿನ ದೂಡುವ ಈ ಹಿರಿಯರಿಗೆ ಕೀ ಕೊಡುವ ವಾಚು ಕಂಡರೆ ಖುಷಿಯಾಗುತ್ತದೆ. ಕೇಳಿದರೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುವವರೂ ಇದ್ದಾರೆ.

ಹಳೇ ಮುಚ್ಚಳಗಳ ಒಳಮೈಯನ್ನು ಐಗ್ಲಾಸಿನಲ್ಲಿ ನೋಡಿದರೆ ಸೂಜಿಯಿಂದ ಗೀಚಿದ ತಾರೀಖುಗಳು ಕಾಣುತ್ತವೆ. ಹಿಂದೆ ಸರ್ವಿಸ್ ಮಾಡಿದವರು ಬಿಟ್ಟುಹೋದ ಗುರುತು ಅದು. ನಾನು ಲೋಹದ ಮೇಲೆ ಗೀಚುವುದಿಲ್ಲ. ತಾರೀಖು, ಹಾಕಿದ ಎಣ್ಣೆ, ಬದಲಿಸಿದ ಭಾಗ ಇಷ್ಟನ್ನು ಚೀಟಿಯಲ್ಲಿ ಬರೆದು ವಾಚಿನ ಡಬ್ಬಿಯಲ್ಲಿಡುತ್ತೇನೆ. ನಾಲ್ಕೈದು ವರ್ಷದ ನಂತರ ಅದನ್ನು ಮತ್ತೆ ತೆರೆಯುವವರು ನೀವಾಗಿರಬಹುದು, ನಿಮ್ಮ ಮಗಳಾಗಿರಬಹುದು. ಎಲ್ಲಿಂದ ಶುರುಮಾಡಬೇಕೆಂದು ಆ ಚೀಟಿ ಹೇಳುತ್ತದೆ.